ಮಳೆ ಮತ್ತು ಹಿಮದ ಉಪಗ್ರಹ ದತ್ತಾಂಶ: ಯಾವ ಕೆಲಸಕ್ಕೆ ಯಾವುದು?

ಜಗತ್ತಿನಾದ್ಯಂತ ಲೆಕ್ಕಕ್ಕೆ ಸಿಗುವ ಮಳೆಮಾಪಕಗಳ ಬಾಯಿಗಳನ್ನೆಲ್ಲ ಒತ್ತಾಗಿ ಜೋಡಿಸಿಟ್ಟರೂ ಅರ್ಧ ಫುಟ್‌ಬಾಲ್ ಮೈದಾನ ತುಂಬುವುದಿಲ್ಲವೆಂದು 2017ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ ತೋರಿಸಿಕೊಟ್ಟಿತು. ಭೂಮಿಯ ಮೇಲ್ಮೈಯಲ್ಲಿ ಶೇ. 70ಕ್ಕೂ ಹೆಚ್ಚು ಭಾಗ ಸಮುದ್ರವಾಗಿದ್ದು ಅಲ್ಲಿ ಮಾಪಕಗಳನ್ನು ನೆಡುವಂತಿಲ್ಲ. ನೆಲದ ಮೇಲೂ ಮರುಭೂಮಿ, ದಟ್ಟ ಕಾಡು ಮತ್ತು ಎತ್ತರದ ಪರ್ವತಗಳಲ್ಲಿ ಅವು ವಿರಳ. ಇಡೀ ಭೂಮಿಯ ಮಳೆಯನ್ನೂ ಹಿಮವನ್ನೂ ಅಳೆಯಬೇಕೆಂದರೆ ಆಕಾಶದಿಂದ ನೋಡುವುದನ್ನು ಬಿಟ್ಟು ಬೇರೆ ದಾರಿಯಿಲ್ಲ. ಆದರೆ ಉಪಗ್ರಹ ಆಧಾರಿತ ದತ್ತಾಂಶವನ್ನು ಹುಡುಕಿಕೊಂಡು ಹೊರಟವರಿಗೆ ಎದುರಾಗುವುದು ಒಂದಲ್ಲ, ಹತ್ತಾರು ಸಂಗ್ರಹಗಳು. ಒಂದೇ ದಿನ, ಒಂದೇ ಜಾಗಕ್ಕೆ ಒಂದು ಸಂಗ್ರಹ 12 ಮಿ.ಮೀ. ಎಂದರೆ ಇನ್ನೊಂದು 30 ಮಿ.ಮೀ. ಎನ್ನುವುದು ಅಪರೂಪವೇನಲ್ಲ.

ಇವುಗಳಲ್ಲಿ ಯಾವುದು ಸರಿ ಎಂಬ ಪ್ರಶ್ನೆಯೇ ಮೊದಲು ಬಾಯಿಗೆ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಆ ಪ್ರಶ್ನೆ ನಮ್ಮನ್ನು ಹೆಚ್ಚು ದೂರ ಕರೆದೊಯ್ಯುವುದಿಲ್ಲ. ಪ್ರತಿಯೊಂದು ಸಂಗ್ರಹವೂ ತಪ್ಪುತ್ತದೆ, ಆದರೆ ಪ್ರತಿಯೊಂದೂ ತನ್ನದೇ ರೀತಿಯಲ್ಲಿ ತಪ್ಪುತ್ತದೆ. ನಮ್ಮ ಕೆಲಸ ಯಾವ ಬಗೆಯ ತಪ್ಪನ್ನು ತಾಳಿಕೊಳ್ಳಬಲ್ಲದು ಎಂದು ಕೇಳಿಕೊಂಡರೆ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ತಿಳಿಯಾಗುತ್ತದೆ. ಪ್ರವಾಹದ ಮುನ್ನೆಚ್ಚರಿಕೆ ಕೊಡುವವರಿಗೆ ಪ್ರಮಾಣದಲ್ಲಿ ಸ್ವಲ್ಪ ಏರುಪೇರಾದರೂ ನಡೆದೀತು, ಸುದ್ದಿ ತಡವಾಗಬಾರದು. ಬರದ ಅಧ್ಯಯನ ಮಾಡುವವರಿಗೆ ಹದಿನೈದು ದಿನ ತಡವಾದರೂ ಚಿಂತೆಯಿಲ್ಲ, ನಲವತ್ತು ವರ್ಷಗಳ ಅಳತೆ ಒಂದೇ ಮಾನದಂಡದಲ್ಲಿರಬೇಕು. ಹಿಮ ಕರಗಿ ಬರುವ ನೀರನ್ನು ನಂಬಿದ ಜಲಾಶಯದವರಿಗೆ ಬೀಳುವ ಹಿಮಕ್ಕಿಂತ ನೆಲದ ಮೇಲೆ ಉಳಿದ ಹಿಮವೇ ಮುಖ್ಯ.

ಮೂರು ಬಗೆಯ ನೋಟ

ಸಂಗ್ರಹಗಳ ಹೆಸರುಗಳಿಗೆ ಹೋಗುವ ಮೊದಲು ಅವುಗಳ ಹಿಂದಿರುವ ಉಪಕರಣಗಳನ್ನು ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಸಂಗ್ರಹದ ದೋಷಗಳು ಬಹುತೇಕ ಅಲ್ಲಿಂದಲೇ ಹುಟ್ಟುತ್ತವೆ.

ಮೊದಲನೆಯದು ಅವಕೆಂಪು (ಇನ್‌ಫ್ರಾರೆಡ್) ಕಿರಣಗಳ ನೋಟ. ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಭೂಸ್ಥಿರ ಉಪಗ್ರಹಗಳು ಹತ್ತು ಹದಿನೈದು ನಿಮಿಷಕ್ಕೊಮ್ಮೆ ಮೋಡದ ನೆತ್ತಿಯ ಉಷ್ಣತೆಯನ್ನು ಅಳೆಯುತ್ತವೆ. ನೆತ್ತಿ ತಣ್ಣಗಿದ್ದಷ್ಟೂ ಮೋಡ ಎತ್ತರವಾಗಿದೆ, ಎತ್ತರವಾಗಿದ್ದರೆ ಮಳೆ ಸುರಿಯುತ್ತಿರಬಹುದು ಎಂಬುದು ಇದರ ತರ್ಕ. ಮೋಡದ ನೆತ್ತಿ 235 ಕೆಲ್ವಿನ್‌ಗಿಂತ (ಸುಮಾರು ಮೈನಸ್ 38 ಡಿಗ್ರಿ ಸೆಲ್ಸಿಯಸ್) ತಣ್ಣಗಿದ್ದರೆ ಗಂಟೆಗೆ 3 ಮಿ.ಮೀ. ಮಳೆ ಎಂದು ಲೆಕ್ಕ ಹಾಕುವ ಸರಳ ಸೂತ್ರವೊಂದು ಬಹುಕಾಲ ಬಳಕೆಯಲ್ಲಿತ್ತು, ಮತ್ತು ಉಷ್ಣವಲಯದ ತಿಂಗಳ ಸರಾಸರಿಗೆ ಅದು ಅಚ್ಚರಿಯಾಗುವಷ್ಟು ಚೆನ್ನಾಗಿ ಹೊಂದುತ್ತಿತ್ತು. ಆದರೆ ಇದು ಛಾವಣಿಯನ್ನು ನೋಡಿ ಮನೆಯೊಳಗೆ ಏನು ನಡೆಯುತ್ತಿದೆ ಎಂದು ಊಹಿಸುವ ಕೆಲಸ. ಎತ್ತರದಲ್ಲಿ ಹರಡಿಕೊಂಡ ತೆಳುಮೋಡ ತಣ್ಣಗಿದ್ದರೂ ಹನಿ ಉದುರಿಸುವುದಿಲ್ಲ. ಬೆಟ್ಟದ ಗಾಳಿಮುಖದ ಇಳಿಜಾರಿಗೆ ಅಡರಿ ನಿಂತ ಗಿಡ್ಡ ಮೋಡ ಬೆಚ್ಚಗಿದ್ದರೂ ಜಡಿಮಳೆ ಸುರಿಸುತ್ತದೆ. ಅವಕೆಂಪು ನೋಟ ಮೊದಲನೆಯ ಕಡೆ ಇಲ್ಲದ ಮಳೆಯನ್ನು ಕಾಣುತ್ತದೆ, ಎರಡನೆಯ ಕಡೆ ಇರುವ ಮಳೆಯನ್ನು ಕಾಣುವುದಿಲ್ಲ.

ಎರಡನೆಯದು ನಿಷ್ಕ್ರಿಯ ಮೈಕ್ರೋವೇವ್. ಇಲ್ಲಿ ಉಪಗ್ರಹ ಯಾವ ಅಲೆಯನ್ನೂ ಕಳಿಸುವುದಿಲ್ಲ. ಭೂಮಿ ಮತ್ತು ವಾತಾವರಣದಿಂದ ಸಹಜವಾಗಿ ಹೊಮ್ಮುವ ಮೈಕ್ರೋವೇವ್ ವಿಕಿರಣವನ್ನು ಹಿಡಿಯುತ್ತದೆ. ಈ ಅಲೆಗಳು ಮೋಡದೊಳಗಿಂದ ಹಾದುಬರುವುದರಿಂದ ಹನಿಗಳ ಮತ್ತು ಹಿಮದ ಹರಳುಗಳ ಗುರುತನ್ನು ಹೊತ್ತು ತರುತ್ತವೆ. ಸಮುದ್ರದ ಮೇಲೆ ಇದು ಬಹಳ ನಂಬಲರ್ಹ, ಏಕೆಂದರೆ ಕಡಿಮೆ ಆವರ್ತನಗಳಲ್ಲಿ ಸಮುದ್ರ ತಂಪಾದ ಹಿನ್ನೆಲೆಯಾಗಿ ಕಾಣುತ್ತದೆ, ಅದರ ಮೇಲೆ ಮಳೆಹನಿಗಳು ಬೆಳಗಿದಂತೆ ಎದ್ದು ತೋರುತ್ತವೆ. ನೆಲದ ಹಿನ್ನೆಲೆ ತಾನೇ ಬೆಚ್ಚಗಿರುವುದರಿಂದ ಈ ಉಪಾಯ ಅಲ್ಲಿ ನಡೆಯದು. 89 ಗಿಗಾಹರ್ಟ್ಸ್ ಮತ್ತು ಅದಕ್ಕಿಂತ ಹೆಚ್ಚಿನ ಆವರ್ತನಗಳಲ್ಲಿ ಮೋಡದ ಮೇಲ್ಭಾಗದ ಹಿಮದ ಹರಳುಗಳು ವಿಕಿರಣವನ್ನು ಎಷ್ಟು ಚದುರಿಸಿದವು ಎಂಬುದನ್ನು ನೋಡಿ ಕೆಳಗಿನ ಮಳೆಯನ್ನು ಅಂದಾಜಿಸಬೇಕಾಗುತ್ತದೆ. ಹರಳುಗಳೇ ಇಲ್ಲದ ಗಿಡ್ಡ ಮೋಡದ ಮಳೆ ಇಲ್ಲಿಯೂ ತಪ್ಪಿಹೋಗುತ್ತದೆ. ಜೊತೆಗೆ ಈ ಉಪಕರಣಗಳು ಕೆಳಕಕ್ಷೆಯಲ್ಲಿ ಸುತ್ತುವುದರಿಂದ ಒಂದು ಉಪಗ್ರಹ ಒಂದು ಜಾಗವನ್ನು ದಿನಕ್ಕೆ ಒಂದೆರಡು ಬಾರಿಯಷ್ಟೇ ನೋಡುತ್ತದೆ.

ಮೂರನೆಯದು ರೇಡಾರ್. ತಾನೇ ಅಲೆಯನ್ನು ಕಳಿಸಿ ಹನಿಗಳಿಂದ ಮರಳುವ ಪ್ರತಿಧ್ವನಿಯನ್ನು ಅಳೆಯುವುದರಿಂದ ಮಳೆ ಯಾವ ಎತ್ತರದಲ್ಲಿ ಎಷ್ಟಿದೆ ಎಂಬುದನ್ನು ಪದರಪದರವಾಗಿ ತಿಳಿಸಬಲ್ಲದು. ಮೂರರಲ್ಲಿ ಇದೇ ಅತ್ಯಂತ ನೇರವಾದ ಅಳತೆ. ಆದರೂ ನೆಲದಿಂದಲೇ ಮರಳುವ ಬಲವಾದ ಪ್ರತಿಧ್ವನಿಯಲ್ಲಿ ಕೊನೆಯ ಒಂದೆರಡು ಕಿಲೋಮೀಟರ್ ಎತ್ತರದ ಮಳೆ ಮುಚ್ಚಿಹೋಗುತ್ತದೆ, ಮತ್ತು ಬೆಟ್ಟಗುಡ್ಡಗಳ ಮೇಲೆ ಈ ಕುರುಡು ಪಟ್ಟಿ ಇನ್ನಷ್ಟು ದಪ್ಪವಾಗುತ್ತದೆ. ನೋಟದ ಹರವೂ ಕಿರಿದು.

ಒರೆಗಲ್ಲಿನಂತಹ ಉಪಗ್ರಹ

ಬಾಹ್ಯಾಕಾಶದಿಂದ ಮಳೆಯನ್ನು ರೇಡಾರ್‌ನಿಂದ ಅಳೆದ ಮೊದಲ ಉಪಗ್ರಹ ಟಿಆರ್‌ಎಮ್‌ಎಮ್. ನಾಸಾ ಮತ್ತು ಜಪಾನ್ ಜೊತೆಗೂಡಿ 1997ರ ನವೆಂಬರ್‌ನಲ್ಲಿ ಹಾರಿಸಿದ ಇದು 2015ರವರೆಗೆ ದುಡಿಯಿತು, ಆದರೆ ಉತ್ತರ ಮತ್ತು ದಕ್ಷಿಣದ 35 ಡಿಗ್ರಿ ಅಕ್ಷಾಂಶಗಳ ಆಸುಪಾಸಿನ ನಡುವಷ್ಟೇ ಸುತ್ತುತ್ತಿತ್ತು. ಅದರ ಉತ್ತರಾಧಿಕಾರಿಯಾಗಿ 2014ರ ಫೆಬ್ರುವರಿ ಕೊನೆಯಲ್ಲಿ ಜಪಾನಿನ ತಾನೆಗಾಶಿಮಾದಿಂದ ಹಾರಿದ ಜಿಪಿಎಮ್ ಮುಖ್ಯ ಉಪಗ್ರಹ 65 ಡಿಗ್ರಿಗಳವರೆಗೆ ನೋಡುತ್ತದೆ. ಇದರಲ್ಲಿ 13.6 ಮತ್ತು 35.5 ಗಿಗಾಹರ್ಟ್ಸ್‌ನ ಎರಡು ರೇಡಾರ್‌ಗಳೂ 10ರಿಂದ 183 ಗಿಗಾಹರ್ಟ್ಸ್‌ವರೆಗೆ 13 ಚಾನೆಲ್‌ಗಳಿರುವ ಮೈಕ್ರೋವೇವ್ ಉಪಕರಣವೂ ಇವೆ. ಮೊದಲ ರೇಡಾರ್ ಬಿರುಮಳೆಗೆ ಒಗ್ಗುತ್ತದೆ, ಎರಡನೆಯದು ತುಂತುರು ಮತ್ತು ಹಿಮವನ್ನು ಚೆನ್ನಾಗಿ ಗ್ರಹಿಸುತ್ತದೆ. ಎರಡರ ಪ್ರತಿಧ್ವನಿಯ ವ್ಯತ್ಯಾಸದಿಂದ ಹನಿಗಳ ಗಾತ್ರವನ್ನೂ ತಿಳಿಯಬಹುದು.

ಹಾಗಿದ್ದರೆ ಈ ರೇಡಾರ್‌ನ ದತ್ತಾಂಶವನ್ನೇ ನೇರವಾಗಿ ಬಳಸಬಾರದೇಕೆ? ಅದು ನೋಡುವುದು ಸುಮಾರು 245 ಕಿ.ಮೀ. ಅಗಲದ ಒಂದು ಪಟ್ಟಿಯನ್ನು ಮಾತ್ರ. ನಿಮ್ಮ ಜಲಾನಯನ ಪ್ರದೇಶದ ಮೇಲೆ ಅದು ಹಾದುಹೋಗುವ ಹೊತ್ತಿಗೆ ಮಳೆ ನಿಂತಿರಬಹುದು, ಮರುದಿನ ಅದು ಬರದೇ ಇರುವಾಗ ಸುರಿದಿರಬಹುದು. ಚಂಡಮಾರುತದ ಒಳರಚನೆಯನ್ನೋ ಮೋಡದಲ್ಲಿ ಹಿಮ ಕರಗುವ ಪದರವನ್ನೋ ಅಧ್ಯಯನ ಮಾಡುವವರು ಇದನ್ನೇ ತೆಗೆದುಕೊಳ್ಳಬೇಕು. ದಿನದ ಒಟ್ಟು ಮಳೆ ಬೇಕಾದವರಿಗೆ ಇದರ ಬೆಲೆ ಬೇರೆ ಬಗೆಯದು: ಚಿನ್ನದ ಗುಣವನ್ನು ಒರೆಗಲ್ಲಿಗೆ ತಿಕ್ಕಿ ನೋಡುವಂತೆ, ಬೇರೆ ಬೇರೆ ದೇಶಗಳ ಮೈಕ್ರೋವೇವ್ ಉಪಗ್ರಹಗಳ ಅಂದಾಜನ್ನು ಇದರ ಅಳತೆಗೆ ಹೋಲಿಸಿ ಸರಿಪಡಿಸುತ್ತಾರೆ. ಹಲವು ದೇಶಗಳ ಉಪಕರಣಗಳು ಒಂದೇ ಭಾಷೆಯಲ್ಲಿ ಮಾತನಾಡುವಂತಾದದ್ದು ಈ ಏರ್ಪಾಟಿನಿಂದ, ಮತ್ತು ಮುಂದೆ ಹೇಳುವ ಬಹುತೇಕ ಸಂಗ್ರಹಗಳು ಅದರ ಫಲವೇ.

ಬೇಗ ಬೇಕಾದವರಿಗೆ

ನಾಸಾದ ಐಮರ್ಗ್ ಮತ್ತು ಜಪಾನಿನ ಜಾಕ್ಸಾ ಸಂಸ್ಥೆಯ ಜಿಎಸ್‌ಮ್ಯಾಪ್ ಇಲ್ಲಿಯ ಮುಖ್ಯ ಆಯ್ಕೆಗಳು. ಎರಡರಲ್ಲೂ 0.1 ಡಿಗ್ರಿಯ ಚೌಕಗಳಿವೆ; ಸಮಭಾಜಕದ ಬಳಿ ಅದು ಸುಮಾರು 11 ಕಿ.ಮೀ. ಉದ್ದ-ಅಗಲದ ಜಾಗ. ಐಮರ್ಗ್ ಅರ್ಧ ಗಂಟೆಗೊಮ್ಮೆಯ ಮಳೆಯನ್ನೂ ಜಿಎಸ್‌ಮ್ಯಾಪ್ ಗಂಟೆಗೊಮ್ಮೆಯ ಮಳೆಯನ್ನೂ ಕೊಡುತ್ತವೆ.

ಐಮರ್ಗ್ ಮೂರು ಹಂತಗಳಲ್ಲಿ ಬರುತ್ತದೆ ಎಂಬುದನ್ನು ಹೊಸಬರು ಗಮನಿಸುವುದಿಲ್ಲ, ಹಾಗಾಗಿ ತಮಗೆ ಒಗ್ಗದ ಹಂತವನ್ನು ಬಳಸಿ ದೂರುತ್ತಾರೆ. ಮೊದಲ ಹಂತ ಸುಮಾರು 4 ಗಂಟೆಗಳಲ್ಲಿ ಸಿಗುತ್ತದೆ. ಇದರಲ್ಲಿ ಮಳೆಯ ಚಲನೆಯನ್ನು ಹಿಂದಿನ ನೋಟದಿಂದ ಮುಂದಕ್ಕೆ ಮಾತ್ರ ಸಾಗಿಸಿರುತ್ತಾರೆ, ಏಕೆಂದರೆ ಮುಂದಿನ ಉಪಗ್ರಹ ಇನ್ನೂ ಹಾದುಹೋಗಿರುವುದಿಲ್ಲ. ಎರಡನೆಯ ಹಂತ ಸುಮಾರು 14 ಗಂಟೆಗಳ ಬಳಿಕ ಬರುತ್ತದೆ. ಅಷ್ಟರಲ್ಲಿ ಹಿಂದಿನ ಮತ್ತು ಮುಂದಿನ ಎರಡೂ ನೋಟಗಳು ಕೈಯಲ್ಲಿರುವುದರಿಂದ ನಡುವಿನ ಹೊತ್ತನ್ನು ಎರಡೂ ಕಡೆಯಿಂದ ತುಂಬಬಹುದು. ಕೊನೆಯ ಹಂತಕ್ಕೆ ಮೂರೂವರೆ ತಿಂಗಳು ಕಾಯಬೇಕು, ಆದರೆ ಅದರಲ್ಲಿ ಜರ್ಮನಿಯ ಹವಾಮಾನ ಸೇವೆ ನಡೆಸುವ ಜಿಪಿಸಿಸಿ ಕೇಂದ್ರದ ತಿಂಗಳ ಮಾಪಕ ಅಳತೆಗಳಿಗೆ ಹೊಂದಿಸಿ ಸರಿಪಡಿಸಿರುತ್ತಾರೆ. ಪ್ರವಾಹ ಮತ್ತು ಭೂಕುಸಿತದ ಎಚ್ಚರಿಕೆಗೆ ಮೊದಲ ಹಂತ, ಬೆಳೆಯ ನಿಗಾಕ್ಕೆ ಎರಡನೆಯದು, ಸಂಶೋಧನೆಗೆ ಕೊನೆಯದು. ಹಿಂದಿನ ವರ್ಷಗಳ ಕೊನೆಯ ಹಂತದಿಂದ ಎಚ್ಚರಿಕೆಯ ಮಿತಿಯನ್ನು ಲೆಕ್ಕಹಾಕಿ, ಇಂದಿನ ಮೊದಲ ಹಂತವನ್ನು ಅದಕ್ಕೆ ಹೋಲಿಸುವುದು ಆಗಾಗ ಕಾಣುವ ತಪ್ಪು. ಎರಡರ ಮಾನದಂಡ ಬೇರೆಯಾದ್ದರಿಂದ ಎಚ್ಚರಿಕೆ ಒಂದೋ ಪದೇ ಪದೇ ಮೊಳಗುತ್ತದೆ, ಇಲ್ಲವೇ ಬೇಕಾದಾಗ ಮೊಳಗುವುದೇ ಇಲ್ಲ.

ಜಿಎಸ್‌ಮ್ಯಾಪ್‌ನ ಬೇಗ ಸಿಗುವ ಆವೃತ್ತಿಯೂ ಸುಮಾರು 4 ಗಂಟೆಗಳಲ್ಲಿ ಬರುತ್ತದೆ. ಅದರ ತತ್‌ಕ್ಷಣದ ಆವೃತ್ತಿ ಮೋಡದ ಚಲನೆಯನ್ನು ಮುಂದಕ್ಕೆ ವಿಸ್ತರಿಸಿ ಈಗಿನ ಹೊತ್ತಿನ ಮಳೆಯನ್ನೇ ಅಂದಾಜಿಸುತ್ತದೆ. 4 ಗಂಟೆಯೂ ತಡವೆನಿಸುವ ಚಿಕ್ಕ ಹೊಳೆಗಳ ಪ್ರವಾಹಕ್ಕೆ ನಾನು ಇದನ್ನೇ ಮೊದಲು ನೋಡಿ ಎನ್ನುತ್ತೇನೆ, ಅಂದಾಜಿನ ಭಾಗ ಅದರಲ್ಲಿ ಹೆಚ್ಚು ಎಂಬ ಅರಿವಿನೊಂದಿಗೆ. ಅಮೆರಿಕದ ನೋವಾ ಸಂಸ್ಥೆಯ ಸಿಮಾರ್ಫ್ 8 ಕಿ.ಮೀ., ಅರ್ಧ ಗಂಟೆಯ ಸಂಗ್ರಹ. ಎರಡು ಮೈಕ್ರೋವೇವ್ ನೋಟಗಳ ನಡುವೆ ಮಳೆಯನ್ನು ಮೋಡದ ಚಲನೆಯ ಜೊತೆ ಸಾಗಿಸುವ ವಿಧಾನವನ್ನು ಜನಪ್ರಿಯಗೊಳಿಸಿದ್ದು ಇದೇ, ಮತ್ತು ಆ ಬಗೆಯ ವಿಧಾನ ಈಗ ಐಮರ್ಗ್‌ನೊಳಗೂ ಇದೆ. ಒಂದು ಎಚ್ಚರಿಕೆ ಇವೆಲ್ಲಕ್ಕೂ ಸಲ್ಲುತ್ತದೆ: ಮಳೆಯನ್ನು ಹೀಗೆ ಸಾಗಿಸಿ ಬೆರೆಸುವಾಗ ಅದರ ತುದಿಗಳು ಮೊಂಡಾಗುತ್ತವೆ. ಹತ್ತು ನಿಮಿಷದ ಬಿರುಮಳೆ ಅಗಲವಾಗಿ ಹರಡಿಕೊಂಡು ಮೆಲುಮಳೆಯಂತೆ ಕಾಣಬಹುದು.

ದೀರ್ಘ ದಾಖಲೆ ಬೇಕಾದವರಿಗೆ

ಐಮರ್ಗ್‌ನ 7ನೇ ಆವೃತ್ತಿ 1998ರವರೆಗೆ ಹಿಂದಕ್ಕೆ ಹೋಗುತ್ತದೆ, ಆದರೆ ಬರವನ್ನು ಅಳೆಯಲು ಅಷ್ಟು ವರ್ಷ ಸಾಲದೆನ್ನಿಸಿದರೆ ಬೇರೆಡೆ ನೋಡಬೇಕು. ಚರ್ಪ್ಸ್ ಎಂಬ ಸಂಗ್ರಹ 1981ರಿಂದ ಸಿಗುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಕೇಂದ್ರದವರು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯೊಂದಿಗೆ ಸೇರಿ ರೂಪಿಸಿದ್ದು. ತಣ್ಣನೆಯ ಮೋಡ ಎಷ್ಟು ಹೊತ್ತು ನಿಂತಿತ್ತು ಎಂಬ ಅವಕೆಂಪು ಅಳತೆಯನ್ನು ಮಾಪಕಗಳ ಜೊತೆ ಹೆಣೆದು 0.05 ಡಿಗ್ರಿಯ, ಅಂದರೆ ಸುಮಾರು 5 ಕಿ.ಮೀ. ಚೌಕಗಳಲ್ಲಿ ಕೊಡುತ್ತಾರೆ. ಹತ್ತು ದಿನ, ತಿಂಗಳು, ಋತುವಿನ ಮಳೆಯ ಕೊರತೆಯನ್ನು ಅಳೆಯುವವರಿಗೆ ಇದರಷ್ಟು ಅನುಕೂಲವಾದ ಸಂಗ್ರಹ ಕಡಿಮೆ. ಆದರೆ ಬಹಳಷ್ಟು ಬಳಕೆಯಲ್ಲಿರುವ ಅದರ 2ನೇ ಆವೃತ್ತಿ ನೆಲವನ್ನು ಮಾತ್ರ, ಅದೂ 50 ಡಿಗ್ರಿ ಅಕ್ಷಾಂಶಗಳ ನಡುವೆ ಮಾತ್ರ ತೋರಿಸುತ್ತದೆ, ಮತ್ತು ಅದರ ಒಂದೊಂದು ದಿನದ ಅಂಕಿಯ ಮೇಲೆ ಭಾರ ಹಾಕಬಾರದು: ಐದು ದಿನಗಳ ಒಟ್ಟು ಮೊತ್ತವನ್ನು ಆಮೇಲೆ ದಿನಗಳಿಗೆ ಹಂಚಿದ ಅಂಕಿ ಅದು. ಚೌಕ ಚಿಕ್ಕದಾಗಿದೆ ಎಂಬುದರಿಂದ ಅಳತೆ ಸೂಕ್ಷ್ಮವಾಗಿದೆ ಎಂದೂ ಭಾವಿಸಬಾರದು.

ಪರ್ಸಿಯನ್ ಸಿಡಿಆರ್ ಎಂಬ ಸಂಗ್ರಹ 1983ರಿಂದ ದಿನವಾರು ಲೆಕ್ಕವನ್ನು 0.25 ಡಿಗ್ರಿಯಲ್ಲಿ, ಸಮುದ್ರವನ್ನೂ ಸೇರಿಸಿಕೊಂಡು ಕೊಡುತ್ತದೆ. ಜಿಪಿಸಿಪಿ ಎಂಬ ಜಾಗತಿಕ ಮಳೆ ಯೋಜನೆಯ ತಿಂಗಳ ದಾಖಲೆ 1979ರಿಂದ ಇಡೀ ಭೂಮಿಗೆ, ಧ್ರುವಗಳನ್ನೂ ಬಿಡದೆ ಸಿಗುತ್ತದೆ. ಅದರ ಹಳೆಯ ಆವೃತ್ತಿಯ ಚೌಕ 2.5 ಡಿಗ್ರಿಯಷ್ಟು ದೊಡ್ಡದು, ಹೀಗಾಗಿ ಒಂದು ನದಿಕಣಿವೆಗೆ ಅದು ಕೆಲಸಕ್ಕೆ ಬಾರದಿದ್ದರೂ ಜಗತ್ತಿನ ಜಲಚಕ್ರದ ಲೆಕ್ಕಕ್ಕೆ ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಮಳೆ ಹೆಚ್ಚುತ್ತಿದೆಯೇ ಇಳಿಯುತ್ತಿದೆಯೇ ಎಂಬ ಪ್ರವೃತ್ತಿಯನ್ನು ಹುಡುಕುವವರಿಗೆ ಒಂದು ಮಾತು. ಉಪಗ್ರಹಗಳ ಸಂಖ್ಯೆ ಮತ್ತು ಬಗೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತ ಬಂದಿದೆ, ಮಾಪಕಗಳ ಸಂಖ್ಯೆಯೂ ಹಾಗೆಯೇ. ಹೊಸ ಉಪಕರಣ ಸೇರಿದ ವರ್ಷ ಅಂಕಿಯಲ್ಲಿ ಕಾಣುವ ಮೆಟ್ಟಿಲನ್ನು ಹವಾಮಾನದ ಬದಲಾವಣೆ ಎಂದು ಓದಿಬಿಡುವ ಅಪಾಯ ನಿಜವಾದದ್ದು. ಸ್ವತಂತ್ರವಾದ ಎರಡನೆಯ ದಾಖಲೆಯಲ್ಲೂ ಅದೇ ಏರಿಳಿತ ಕಾಣದಿದ್ದರೆ ತೀರ್ಮಾನವನ್ನು ಮುಂದಕ್ಕೆ ಹಾಕುವುದೇ ಪ್ರಾಮಾಣಿಕತೆ.

ಉಪಗ್ರಹವಲ್ಲದಿದ್ದರೂ ಯುರೋಪಿನ ಈಆರ್‌ಎ-5 ಮರುವಿಶ್ಲೇಷಣೆಯನ್ನು ಇಲ್ಲಿ ಹೆಸರಿಸಲೇಬೇಕು. ಹವಾಮಾನದ ಗಣಕ ಮಾದರಿಗೆ ಹಿಂದಿನ ವೀಕ್ಷಣೆಗಳನ್ನು ಉಣಿಸಿ 1940ರಿಂದ ಗಂಟೆಗಂಟೆಯ ಮಳೆಯನ್ನು 0.25 ಡಿಗ್ರಿಯಲ್ಲಿ ಲೆಕ್ಕ ಹಾಕಿದ ಸಂಗ್ರಹವಿದು. ಗುಡುಗುಮಳೆಯ ಜಾಗ ಮತ್ತು ಹೊತ್ತನ್ನು ಇದು ತಪ್ಪಿಸುತ್ತದೆ, ತುಂತುರನ್ನು ಹೆಚ್ಚು ದಿನ ತೋರಿಸುತ್ತದೆ. ಆದರೆ ಚಳಿಗಾಲದಲ್ಲಿ, ಎತ್ತರದ ಅಕ್ಷಾಂಶಗಳಲ್ಲಿ, ಅಗಲವಾಗಿ ಹಬ್ಬಿದ ಮೋಡದ ಮಳೆ-ಹಿಮದಲ್ಲಿ ಉಪಗ್ರಹಗಳಿಗಿಂತ ಚೆನ್ನಾಗಿ ನಡೆದುಕೊಳ್ಳುತ್ತದೆ. ಒಂದು ಸೋಲುವ ಕಡೆ ಇನ್ನೊಂದು ಗೆಲ್ಲುವುದರಿಂದಲೇ ಎಮ್‌ಸ್ವೆಪ್ ಎಂಬ ಸಂಗ್ರಹ ಮಾಪಕ, ಉಪಗ್ರಹ ಮತ್ತು ಮರುವಿಶ್ಲೇಷಣೆ ಮೂರನ್ನೂ ಜಾಗಕ್ಕೆ ತಕ್ಕ ತೂಕದಲ್ಲಿ ಬೆರೆಸುತ್ತದೆ.

ಬೆಟ್ಟ ಮತ್ತು ಮರುಭೂಮಿ

ಗಾಳಿಮುಖದ ಬೆಟ್ಟಸಾಲುಗಳಲ್ಲಿ ಬಹುತೇಕ ಎಲ್ಲ ಉಪಗ್ರಹ ಸಂಗ್ರಹಗಳೂ ಮಳೆಯನ್ನು ಕಡಿಮೆ ತೋರಿಸುವ ಕಡೆಗೇ ವಾಲುತ್ತವೆ. ಕಾರಣವನ್ನು ಮೇಲೆಯೇ ಹೇಳಿದ್ದೇನೆ. ಅಲ್ಲಿ ಮಾಪಕಗಳಿಂದ ಸರಿಪಡಿಸಿದ ಆವೃತ್ತಿಯನ್ನು ಬಿಟ್ಟು ಬೇರೆಯದನ್ನು ನಾನು ಸೂಚಿಸಲಾರೆ, ಮತ್ತು ಮಾಪಕಗಳು ಕಣಿವೆಯ ತಳದಲ್ಲೇ ಇದ್ದರೆ ಅದೂ ಪೂರ್ತಿ ಪರಿಹಾರವಲ್ಲ. ಒಣಪ್ರದೇಶಗಳಲ್ಲಿ ಕಥೆ ತಿರುಗುಮುರುಗು: ಮೋಡದಿಂದ ಹೊರಟ ಹನಿ ಒಣಗಾಳಿಯಲ್ಲಿ ಆವಿಯಾಗಿ ನೆಲ ಮುಟ್ಟುವುದೇ ಇಲ್ಲ, ಉಪಗ್ರಹ ಮಾತ್ರ ಅದನ್ನು ಮಳೆ ಎಂದು ಬರೆದುಕೊಳ್ಳುತ್ತದೆ. ಇಂಥ ಕಡೆ ಎಸ್‌ಎಮ್‌ಟುರೇನ್ ಎಂಬ ವಿಧಾನ ಒಳ್ಳೆಯ ಸಾಕ್ಷಿಯಾಗಬಹುದು. ಅದು ಮೋಡವನ್ನು ನೋಡುವುದೇ ಇಲ್ಲ; ಮಣ್ಣಿನ ತೇವ ಎಷ್ಟು ಏರಿತು ಎಂಬುದನ್ನು ಉಪಗ್ರಹದಿಂದ ಅಳೆದು, ಅಷ್ಟು ತೇವಕ್ಕೆ ಎಷ್ಟು ಮಳೆ ಬಿದ್ದಿರಬೇಕು ಎಂದು ಹಿಂದಕ್ಕೆ ಲೆಕ್ಕ ಹಾಕುತ್ತದೆ. ನೆಲವೇ ಮಳೆಮಾಪಕವಾಗುವ ಈ ಉಪಾಯ ನನಗೆ ಬಹಳ ಪ್ರಿಯವಾದದ್ದು. ದಟ್ಟ ಕಾಡಿನಲ್ಲಿ, ಹೆಪ್ಪುಗಟ್ಟಿದ ಮಣ್ಣಿನಲ್ಲಿ, ಮೊದಲೇ ನೆನೆದು ತುಂಬಿದ ನೆಲದಲ್ಲಿ ಮಾತ್ರ ಅದು ನಡೆಯದು.

ಹಿಮ: ಎಲ್ಲಕ್ಕಿಂತ ಕಠಿಣವಾದ ಭಾಗ

ಹಿಮದ ವಿಷಯದಲ್ಲಿ ಮೊದಲು ಬೇರ್ಪಡಿಸಬೇಕಾದದ್ದು ಬೀಳುವ ಹಿಮ ಮತ್ತು ಬಿದ್ದು ಉಳಿದ ಹಿಮ. ಎರಡಕ್ಕೂ ಉಪಕರಣ ಬೇರೆ, ಸಂಗ್ರಹ ಬೇರೆ.

ಬೀಳುವ ಹಿಮದ ಹರಳುಗಳು ಹಗುರ, ಆಕಾರದಲ್ಲಿ ಒಂದರಂತೆ ಇನ್ನೊಂದಿಲ್ಲ, ಅವುಗಳ ಪ್ರತಿಧ್ವನಿ ದುರ್ಬಲ. ಅದರ ಮೇಲೆ, ನೆಲವೇ ಹಿಮದಿಂದ ಮುಚ್ಚಿದ್ದರೆ ನಿಷ್ಕ್ರಿಯ ಮೈಕ್ರೋವೇವ್ ಉಪಕರಣಕ್ಕೆ ನೆಲದ ಹಿಮ ಯಾವುದು, ಗಾಳಿಯಲ್ಲಿನ ಹಿಮ ಯಾವುದು ಎಂಬುದೇ ಗೊತ್ತಾಗುವುದಿಲ್ಲ. ಈ ಕೆಲಸದಲ್ಲಿ ಅತ್ಯಂತ ಸೂಕ್ಷ್ಮವಾದ ಕಣ್ಣು 2006ರ ಏಪ್ರಿಲ್‌ನಲ್ಲಿ ಹಾರಿದ ಕ್ಲೌಡ್‌ಸ್ಯಾಟ್‌ನದಾಗಿತ್ತು. ಅದರ 94 ಗಿಗಾಹರ್ಟ್ಸ್ ರೇಡಾರ್ ತೆಳುವಾದ ಹಿಮಪಾತವನ್ನೂ ಕಾಣುತ್ತಿತ್ತು, 82 ಡಿಗ್ರಿಯವರೆಗೆ ಧ್ರುವಗಳ ಬಳಿ ಹೋಗುತ್ತಿತ್ತು. ಆದರೆ ನೇರ ಕೆಳಗಿನ ಒಂದು ಗೆರೆಯನ್ನಷ್ಟೇ ನೋಡುತ್ತಿತ್ತು, ಮತ್ತು 2011ರ ಬ್ಯಾಟರಿ ತೊಂದರೆಯ ನಂತರ ಹಗಲಿನಲ್ಲಿ ಮಾತ್ರ ಕೆಲಸ ಮಾಡಿತು. 2023ರ ಕೊನೆಗೆ ಅದರ ವೀಕ್ಷಣೆ ಮುಗಿಯಿತು. 2024ರ ಮೇ ತಿಂಗಳಲ್ಲಿ ಯುರೋಪ್ ಮತ್ತು ಜಪಾನ್ ಸೇರಿ ಹಾರಿಸಿದ ಅರ್ಥ್‌ಕೇರ್‌ನಲ್ಲಿ ಅದೇ ಆವರ್ತನದ ರೇಡಾರ್ ಇದೆ, ಜೊತೆಗೆ ಹರಳುಗಳು ಮೇಲೆ-ಕೆಳಗೆ ಚಲಿಸುವ ವೇಗವನ್ನೂ ಅದು ಅಳೆಯುತ್ತದೆ. ಧ್ರುವಪ್ರದೇಶದ ಹಿಮಪಾತದ ಹಲವು ವರ್ಷಗಳ ಸರಾಸರಿ ಬೇಕಾದವರು ಕ್ಲೌಡ್‌ಸ್ಯಾಟ್ ದಾಖಲೆಯನ್ನು ತೆಗೆದುಕೊಳ್ಳಬೇಕು. ನಿನ್ನೆಯ ಹಿಮಬಿರುಗಾಳಿ ಎಷ್ಟು ಸುರಿಸಿತು ಎಂದು ಕೇಳುವವರಿಗೆ ಅದರಲ್ಲಿ ಉತ್ತರವಿಲ್ಲ.

ಐಮರ್ಗ್‌ನಲ್ಲಿ ಹಿಮವಿದೆಯೇ ಎಂದು ಹಲವರು ಕೇಳುತ್ತಾರೆ. ಅದರ ಮುಖ್ಯ ಅಂಕಿ ಮಳೆ ಮತ್ತು ಹಿಮ ಎರಡನ್ನೂ ನೀರಿನ ಪ್ರಮಾಣವಾಗಿ ಸೇರಿಸಿ ಹೇಳುತ್ತದೆ. ಬಿದ್ದದ್ದು ದ್ರವರೂಪದ್ದಾಗಿರುವ ಸಂಭವ ಎಷ್ಟು ಎಂಬ ಇನ್ನೊಂದು ಅಂಕಿಯೂ ಅದೇ ಕಡತದಲ್ಲಿದೆ, ಆದರೆ ಅದು ಉಪಗ್ರಹ ಕಂಡದ್ದಲ್ಲ, ನೆಲಮಟ್ಟದ ಉಷ್ಣತೆ ಮತ್ತು ಆರ್ದ್ರತೆಯಿಂದ ಲೆಕ್ಕ ಹಾಕಿದ್ದು. ಹಿಮಾಚ್ಛಾದಿತ ನೆಲದ ಮೇಲೆ ಐಮರ್ಗ್‌ನ ಅಂಕಿಯನ್ನು ಒಂಟಿಯಾಗಿ ನಂಬುವುದಕ್ಕಿಂತ ಈಆರ್‌ಎ-5ರ ಪಕ್ಕದಲ್ಲಿಟ್ಟು ಓದುವುದು ಕ್ಷೇಮ.

ಬಿದ್ದು ಉಳಿದ ಹಿಮಕ್ಕೆ ಬಂದರೆ, ಅದು ಎಲ್ಲೆಲ್ಲಿ ಹಾಸಿದೆ ಎಂಬುದಷ್ಟೇ ಬೇಕಾದಾಗ ಕೆಲಸ ಸುಲಭ. ಹಿಮ ಕಣ್ಣಿಗೆ ಕಾಣುವ ಬೆಳಕನ್ನು ಚೆನ್ನಾಗಿ ಪ್ರತಿಫಲಿಸುತ್ತದೆ, ಅವಕೆಂಪಿನ ಒಂದು ಭಾಗವನ್ನು ಹೀರಿಕೊಳ್ಳುತ್ತದೆ. ಈ ವ್ಯತ್ಯಾಸದಿಂದ ಮೋಡಿಸ್ ಉಪಕರಣ 500 ಮೀ. ಮತ್ತು ವಿಐಐಆರ್‌ಎಸ್ 375 ಮೀ. ಸೂಕ್ಷ್ಮತೆಯಲ್ಲಿ ದಿನವೂ ಹಿಮದ ಹಾಸನ್ನು ಗುರುತಿಸುತ್ತವೆ. ಮೋಡ ಕವಿದ ದಿನ ಇವು ಕುರುಡು. ಹಿಮದಲ್ಲಿ ನೀರೆಷ್ಟಿದೆ ಎಂದು ತಿಳಿಯಲು ಮತ್ತೆ ಮೈಕ್ರೋವೇವ್‌ಗೇ ಮೊರೆಹೋಗಬೇಕು: ಜಪಾನಿನ ಎಎಮ್‌ಎಸ್‌ಆರ್-2ನಂತಹ ಉಪಕರಣಗಳು 18.7 ಮತ್ತು 36.5 ಗಿಗಾಹರ್ಟ್ಸ್‌ನ ಅಳತೆಗಳ ವ್ಯತ್ಯಾಸದಿಂದ ಅದನ್ನು ಅಂದಾಜಿಸುತ್ತವೆ. ಬಯಲಿನ ಒಣ, ತೆಳು ಹಿಮಕ್ಕೆ ಇದು ಒಗ್ಗುತ್ತದೆ. ಹಿಮದಲ್ಲಿ ಸುಮಾರು 150 ಮಿ.ಮೀ. ನೀರಿಗೆ ಸಮನಾದ ದಪ್ಪ ದಾಟಿದ ಮೇಲೆ ಅಳತೆ ಏರುವುದನ್ನೇ ನಿಲ್ಲಿಸುತ್ತದೆ, ಹಿಮ ಕರಗಲು ಶುರುವಾಗಿ ಒದ್ದೆಯಾದರೆ ಸಂಕೇತವೇ ಮಾಯವಾಗುತ್ತದೆ. ಅಂದರೆ ಜಲಾಶಯದವರಿಗೆ ಅಂಕಿ ಅತ್ಯಂತ ಬೇಕಾದ ವಸಂತದ ದಿನಗಳಲ್ಲಿ, ಪರ್ವತಗಳ ಆಳವಾದ ಹಿಮದಲ್ಲಿ ಇದು ಕೈಕೊಡುತ್ತದೆ. ನೆಲದ ಅಳತೆಗಳನ್ನು ಬೆರೆಸಿ ಬಯಲಿನ ಹಿಮವನ್ನು ಚೆನ್ನಾಗಿ ಅಂದಾಜಿಸುವ ಗ್ಲೋಬ್‌ಸ್ನೋ ದಾಖಲೆ ಪರ್ವತಗಳನ್ನು ಹೊರಗಿಟ್ಟಿರುವುದು ಇದೇ ಕಾರಣಕ್ಕೆ. ಪರ್ವತದ ಹಿಮಕ್ಕೆ ಸದ್ಯ ಇರುವ ಒಂದು ದಾರಿಯೆಂದರೆ ಮೋಡಿಸ್‌ನಿಂದ ಹಾಸಿನ ಅಂಚು ದಿನದಿನಕ್ಕೆ ಹೇಗೆ ಮೇಲೇರುತ್ತದೆ ಎಂದು ನೋಡಿ, ಕರಗುವಿಕೆಯ ಮಾದರಿಯೊಂದಿಗೆ ಹಿಂದಕ್ಕೆ ಲೆಕ್ಕ ಹಾಕುವುದು.

ಬಳಸುವ ಮುನ್ನ ಒಮ್ಮೆ ತೂಗಿ ನೋಡಲು

ಸಂಗ್ರಹವನ್ನು ಆರಿಸಿದ ಮೇಲೆ ಕೆಲವಾದರೂ ಮಾಪಕಗಳ ಎದುರು ಅದನ್ನು ಪರೀಕ್ಷಿಸಬೇಕು. ಆ ಮಾಪಕಗಳು ಸಂಗ್ರಹದ ತಯಾರಿಕೆಯಲ್ಲೇ ಬಳಕೆಯಾಗಿದ್ದರೆ ಹೋಲಿಕೆಗೆ ಅರ್ಥವಿಲ್ಲ, ಉತ್ತರಪತ್ರಿಕೆಯನ್ನು ಮೊದಲೇ ನೋಡಿಕೊಂಡವರ ಪರೀಕ್ಷೆಯಾಗುತ್ತದೆ ಅದು. ಮಾಪಕದ ಬಾಯಿ ಕೆಲವು ನೂರು ಚದರ ಸೆಂ.ಮೀ., ಐಮರ್ಗ್‌ನ ಚೌಕ ಸುಮಾರು ನೂರು ಚದರ ಕಿ.ಮೀ.; ಎರಡೂ ಒಂದೇ ಅಂಕಿ ಹೇಳಬೇಕೆಂದು ನಿರೀಕ್ಷಿಸುವಂತಿಲ್ಲ. ಹಿಮದ ದಿನಗಳಲ್ಲಂತೂ ಮಾಪಕವೇ ತಪ್ಪಿತಸ್ಥ, ಏಕೆಂದರೆ ಗಾಳಿ ಬಲವಾಗಿದ್ದರೆ ಬೀಳಬೇಕಾದ ಹಿಮದ ದೊಡ್ಡ ಪಾಲು ಬಾಯಿಯ ಪಕ್ಕದಿಂದ ಹಾರಿಹೋಗುತ್ತದೆ. ಆದ್ದರಿಂದ ಒಟ್ಟು ಪ್ರಮಾಣದ ಜೊತೆಗೆ, ಮಳೆ ಬಂದ ದಿನಗಳಲ್ಲಿ ಎಷ್ಟನ್ನು ಸಂಗ್ರಹ ಹಿಡಿಯಿತು, ಬಾರದ ಎಷ್ಟು ದಿನಗಳನ್ನು ಬಂದಿತೆಂದು ಹೇಳಿತು ಎಂಬುದನ್ನು ಪ್ರತ್ಯೇಕವಾಗಿ ಎಣಿಸುವುದು ಒಳ್ಳೆಯದು.

ಕೊನೆಗೆ ಎರಡು ಸಣ್ಣ ಸಂಗತಿಗಳು. ಒಳ್ಳೆಯ ಸಂಗ್ರಹವನ್ನೂ ಕೆಟ್ಟದೆನ್ನಿಸುವ ಶಕ್ತಿ ಇವಕ್ಕಿದೆ. ಐಮರ್ಗ್‌ನ ಅರ್ಧ ಗಂಟೆಯ ಕಡತದಲ್ಲಿರುವುದು ಗಂಟೆಗೆ ಎಷ್ಟು ಮಿ.ಮೀ. ಎಂಬ ವೇಗ, ದಿನದ 48 ಕಡತಗಳನ್ನು ಹಾಗೆಯೇ ಕೂಡಿದರೆ ಮಳೆ ಇಮ್ಮಡಿಯಾಗುತ್ತದೆ, ಕೂಡಿದ ಮೊತ್ತವನ್ನು ಅರ್ಧಕ್ಕಿಳಿಸಬೇಕು. ಹಾಗೆಯೇ ದಿನವಾರು ಕಡತದ ದಿನ ಗ್ರೀನಿಚ್ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಎಣಿಸಿದ್ದು. ಮಾಪಕವನ್ನು ಬೆಳಿಗ್ಗೆ ಓದುವ ಕಡೆ ರಾತ್ರಿ ಸುರಿದ ಮಳೆ ಒಂದು ದಾಖಲೆಯಲ್ಲಿ ನಿನ್ನೆಯದಾಗಿ, ಇನ್ನೊಂದರಲ್ಲಿ ಇಂದಿನದಾಗಿ ಕೂರುತ್ತದೆ. ಅರ್ಧ ಗಂಟೆಯ ಕಡತಗಳಿಂದ ಮಾಪಕದ ದಿನಕ್ಕೆ ಹೊಂದುವಂತೆ ಮೊತ್ತವನ್ನು ನಾವೇ ಕಟ್ಟಿಕೊಂಡ ಮೇಲೆಯೇ ಹೋಲಿಕೆಯನ್ನು ಆರಂಭಿಸಬೇಕು.